ಹಿತ್ತಿಲ ತೋಡಿಗೊಂದು ನೋಟ್ ಪುಸ್ತಕ

ಕಾಸರಗೋಡಿನ ಒಳನಾಡಿನಲ್ಲಿ ಮನೆಯೆಂದರೆ ಅಂಗಳ, ಹಟ್ಟಿ, ಅಡಿಕೆ ತೋಟ, ತೋಟದ ಕೆಳಬದಿಯಲ್ಲೊಂದು ತೋಡು. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ, ಎಲ್ಲಿಗೆ ಹೋದರೂ ಈ ಕ್ರಮ ಹೆಚ್ಚು ಬದಲಾಗುವುದಿಲ್ಲ. ಗುಡ್ಡೆಯ ಮೇಲೆ ಬಿದ್ದ ಮಳೆ ಮುರಕಲ್ಲಿನ ಸಂದುಗಳಲ್ಲಿ ಇಳಿದು ಬೈಲಿಗೆ ಬರುತ್ತದೆ, ತೋಡಾಗಿ ಹರಿಯುತ್ತದೆ, ಹೊಳೆ ಸೇರುತ್ತದೆ. ಈ ಪುಟ್ಟ ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ. ಅವುಗಳಿಗೆ ನೀರು ಕೊಡುವ ತೋಡುಗಳನ್ನು ಎಣಿಸುತ್ತ ಕೂತರೆ ಮುಗಿಯದು.

ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಬಹಳ ಮಂದಿ ಈ ತೋಡುಗಳನ್ನು ದಾಟಿಯೇ ಬರುತ್ತಾರೆ. ಯಾವ ಕಲ್ಲಿನಡಿ ಏಡಿ ಇದೆ, ಯಾವ ಗುಂಡಿಯಲ್ಲಿ ಮೀನು ನಿಲ್ಲುತ್ತದೆ, ಯಾವ ಪೊದೆಯಲ್ಲಿ ಹುಂಡುಕೋಳಿ ಅಡಗುತ್ತದೆ ಎಂಬುದು ಅವರಿಗೆ ಗೊತ್ತು. ಆದರೆ ಪರಿಸರ ಪಾಠದ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗ ಆ ತಿಳಿವಳಿಕೆ ಹೆಚ್ಚಾಗಿ ಪೆನ್ನಿಗೆ ಇಳಿಯುವುದಿಲ್ಲ. ಕಾರಣ ಸರಳ. ತೋಡಿನಲ್ಲಿ ಕಂಡದ್ದಕ್ಕೆ ಮಗುವಿನ ಬಾಯಲ್ಲಿರುವ ಹೆಸರು ತುಳುವಿನದ್ದು, ಹವ್ಯಕ ಕನ್ನಡದ್ದು, ಮರಾಟಿಯದ್ದು, ಬ್ಯಾರಿಯದ್ದು, ಇಲ್ಲವೇ ಮಲಯಾಳದ್ದು. ಪುಸ್ತಕದಲ್ಲಿರುವುದು ‘ಜಲಚರ’, ‘ಆವಾಸಸ್ಥಾನ’, ‘ಉಭಯವಾಸಿ’. ‘ಡೆಂಜಿ’ ಎಂದು ಬರೆದರೆ ತಪ್ಪಾದೀತೋ ಎಂದು ಮಗು ಸುಮ್ಮನಾಗುತ್ತದೆ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುವ ಊರಿನಲ್ಲಿ, ಏಳು ಭಾಷೆಗಳ ತಿಳಿವಳಿಕೆ ಒಂದು ಭಾಷೆಯ ಉತ್ತರ ಪತ್ರಿಕೆಯ ಎದುರು ಮೂಕವಾಗುವುದೆಂದರೆ ಅದು ಸಣ್ಣ ನಷ್ಟವಲ್ಲ.

ಇದಕ್ಕೆ ಖರ್ಚಿಲ್ಲದ ಒಂದು ದಾರಿಯಿದೆ: ತೋಡಿಗೊಂದು ನೋಟ್ ಪುಸ್ತಕ. ಮಗು ವಾರಕ್ಕೊಮ್ಮೆ ತೋಡಿನ ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂರಲಿ. ಕಂಡದ್ದನ್ನು ದಿನಾಂಕ ಹಾಕಿ ಕನ್ನಡದಲ್ಲಿ ಬರೆಯಲಿ. ಹೆಸರನ್ನು ಮಾತ್ರ ಊರಿನಲ್ಲಿ ಎಷ್ಟು ಭಾಷೆಯಲ್ಲಿ ಸಿಗುತ್ತದೋ ಅಷ್ಟೂ ಭಾಷೆಯಲ್ಲಿ ಬರೆಯಲಿ. ಹೆಸರಿನ ಪಕ್ಕದಲ್ಲಿ ಅದನ್ನು ಹೇಳಿಕೊಟ್ಟವರು ಅಜ್ಜಿಯೋ, ದೊಡ್ಡಪ್ಪನೋ, ಅಡಿಕೆ ಕೊಯ್ಯಲು ಬಂದವರೋ ಎಂದು ಕಾಣಿಸಲಿ.

ಶಾಲೆಯ ವರ್ಷ, ತೋಡಿನ ವರ್ಷ

ಕೇರಳದಲ್ಲಿ ಶಾಲೆಗಳ ಬಾಗಿಲು ತೆರೆಯುವುದು ಜೂನ್ ಆರಂಭದಲ್ಲಿ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನವೂ ಜೂನ್ 1. ಹಾಗಾಗಿ ಶಾಲೆಯ ವರ್ಷ ಮತ್ತು ತೋಡಿನ ವರ್ಷ ಒಟ್ಟಿಗೇ ಶುರುವಾಗುತ್ತವೆ. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ಮಾರ್ಚ್ ಪರೀಕ್ಷೆ ಎಂಬ ಮೂರು ಅವಧಿಗಳು ತೋಡಿನ ಮೂರು ಅವಸ್ಥೆಗಳಿಗೆ ಹೊಂದಿಕೊಂಡಂತೆಯೇ ಇವೆ. ಅಧ್ಯಾಪಕರು ಬೇರೆ ವೇಳಾಪಟ್ಟಿ ಹಾಕಬೇಕಾಗಿಲ್ಲ.

ಮೊದಲ ಅವಧಿ ನೆರೆಯದು. ಪತ್ತನಾಜೆ ಕಳೆದು ಮೊದಲ ಜೋರು ಮಳೆ ಬಂದ ರಾತ್ರಿ ಬೈಲಿನ ತುಂಬ ಕಪ್ಪೆಗಳ ಗದ್ದಲ. ಕೆರೆ, ಗದ್ದೆಗಳ ದೊಡ್ಡ ಗೋಂಕುರು ಕಪ್ಪೆಯ ಗಂಡು ಆ ದಿನಗಳಲ್ಲಿ ಅರಶಿನ ಬಣ್ಣಕ್ಕೆ ತಿರುಗುತ್ತದೆ, ಗಂಟಲಿನ ಎರಡೂ ಬದಿ ನೀಲಿ ಚೀಲಗಳು ಉಬ್ಬುತ್ತವೆ. ಹೆಣ್ಣಿನ ಬಣ್ಣ ಬದಲಾಗುವುದಿಲ್ಲ. ಎಷ್ಟು ದಿನ ಆ ಹಳದಿ ಉಳಿಯಿತು ಎಂದು ಮಗು ಬರೆದಿಟ್ಟರೆ ಅದೇ ಒಂದು ಪಾಠ. ಒಂದು ಕಾಲದಲ್ಲಿ ಈ ಕಪ್ಪೆಗಳ ಕಾಲುಗಳನ್ನು ಹೊರದೇಶಗಳಿಗೆ ಕಳುಹಿಸುವ ವ್ಯಾಪಾರ ಕೇರಳದಲ್ಲೂ ದೊಡ್ಡದಾಗಿತ್ತು. 1987ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು. ಗದ್ದೆಯ ಹುಳುಗಳನ್ನು ತಿನ್ನುವವರು ಇಲ್ಲದಾದರೆ ಬೆಳೆಯ ಗತಿ ಏನು ಎಂಬ ಚರ್ಚೆ ಅದರ ಹಿಂದಿತ್ತು.

ಅದೇ ವಾರ ಮೀನು ಹತ್ತುತ್ತದೆ. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ, ಹರಿವಿಗೆ ಎದುರಾಗಿ ಮೊಟ್ಟೆಯಿಡಲು ಹೋಗುವ ಮೀನುಗಳಿವು. ತುಳುವಿನಲ್ಲಿ ಇದಕ್ಕೆ ‘ಉಬರ್’ ಎನ್ನುತ್ತಾರೆ, ಮಲಯಾಳದಲ್ಲಿ ‘ಊತ್ತ’. ಟಾರ್ಚು, ಕತ್ತಿ, ಬಲೆ ಹಿಡಿದು ರಾತ್ರಿ ಉಬರ್ ಮೀನಿಗೆ ಹೋಗುವುದು ಊರಿನ ಹಳೆಯ ಉಮೇದು. ಆದರೆ ಆಗ ಹಿಡಿಯುವ ಒಂದು ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷದ ನೂರಾರು ಮೀನುಗಳಿರುತ್ತವೆ. ಈ ಕಾರಣಕ್ಕಾಗಿಯೇ ಕೇರಳದಲ್ಲಿ ಊತ್ತ ಮೀನು ಹಿಡಿಯುವುದಕ್ಕೆ ಕಾನೂನಿನ ತಡೆಯಿದೆ. ಮಗು ಇದನ್ನು ಕಾನೂನಿನ ಪುಸ್ತಕದಿಂದ ಕಲಿಯುವುದಕ್ಕಿಂತ, ಮೊಟ್ಟೆ ತುಂಬಿದ ಮುಗುಡು ಮೀನು ಗದ್ದೆಯ ಬದುವಿನ ಪಕ್ಕದ ತೆಳುನೀರಿನಲ್ಲಿ ತೆವಳುವುದನ್ನು ಕಂಡು ಕಲಿಯುವುದು ಒಳ್ಳೆಯದು. ನೋಟ್ ಪುಸ್ತಕದಲ್ಲಿ ಆ ದಿನದ ತಾರೀಕು, ಮಳೆ ಎಷ್ಟು ಹೊತ್ತು ಬಂತು, ಮೀನು ಯಾವ ಕಡೆಗೆ ಹೋಯಿತು, ಇಷ್ಟು ಇದ್ದರೆ ಸಾಕು.

ಆಟಿ ತಿಂಗಳಲ್ಲಿ ಕಣ್ಣು ಗಿಡಗಳ ಕಡೆ ಹೊರಳಲಿ. ತೋಡಿನ ಅಂಚಿನಲ್ಲಿ ಬೆಳೆಯುವ ಕೆಸು ತುಳುವಿನಲ್ಲಿ ತೇವು, ಮಲಯಾಳದಲ್ಲಿ ಚೇಂಬು. ಅದರ ಎಲೆಯ ಪತ್ರೊಡೆ ಅಡುಗೆ ಮನೆಗೆ ಬರುವ ಹೊತ್ತಿಗೆ, ಅದೇ ಎಲೆಯ ಮೇಲೆ ನೀರು ನಿಲ್ಲದೆ ಮುತ್ತಾಗಿ ಉರುಳುವುದೇಕೆ ಎಂಬ ಪ್ರಶ್ನೆಯೂ ಬರಲಿ. ಒಂದೆಲಗ ತುಳುವರಿಗೆ ತಿಮರೆ, ಮಲಯಾಳಿಗಳಿಗೆ ಮುತ್ತಿಳ್. ತಗತೆ ತುಳುವಿನ ತಜಂಕ್, ಮಲಯಾಳದ ತಗರ. ತಗತೆಯ ಎಳೆಯ ಚಿಗುರು ಅಡುಗೆಗೆ ಒದಗುವುದು ಆ ಕೆಲವೇ ವಾರ. ಹೀಗೆ ಒಂದು ಗಿಡಕ್ಕೆ ಮೂರು ಹೆಸರು ಬರೆದ ಮಗು, ಪುಸ್ತಕದ ನಾಲ್ಕನೆಯ ಹೆಸರನ್ನು ಹೆದರದೆ ಕಲಿಯುತ್ತದೆ. ‘ತಗತೆ’ ಮತ್ತು ‘ತಗರ’ ಅಕ್ಕತಂಗಿಯರಂತೆ ಕೇಳುತ್ತವೆ ಎಂದು ತಾನಾಗಿಯೇ ಕಂಡುಕೊಂಡರೆ ಅದು ಭಾಷಾ ಪಾಠವೂ ಆಯಿತು.

ಓಣಂ ಕಳೆದ ಮೇಲೆ

ಎರಡನೆಯ ಅವಧಿಯಲ್ಲಿ ನೀರು ತಿಳಿಯಾಗುತ್ತದೆ. ಈಗ ತೋಡಿಗೆ ಇಳಿಯಬಹುದು. ಮುಳುಗಿದ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ, ಅಡಿಯನ್ನು ನೋಡಿ, ಮತ್ತೆ ಇದ್ದ ಹಾಗೆಯೇ ಇಡಬೇಕು. ಚಪ್ಪಟೆ ಮೈಯ, ಬಾಲದಲ್ಲಿ ಎರಡು ಮೂರು ಕೂದಲೆಳೆಯಂಥ ಕಡ್ಡಿಗಳಿರುವ ಪುಟ್ಟ ಹುಳುಗಳು ಕಲ್ಲಿಗೆ ಅಂಟಿಕೊಂಡಿದ್ದರೆ ಅದು ಶುಭ ಸುದ್ದಿ. ಈ ಹುಳುಗಳಲ್ಲಿ ಹೆಚ್ಚಿನವು ಹರಿಯುವ, ಉಸಿರಾಡಲು ಗಾಳಿ ಧಾರಾಳ ಕರಗಿರುವ ಶುದ್ಧ ನೀರಿನಲ್ಲಿ ಮಾತ್ರ ಬದುಕುತ್ತವೆ. ಕೊಳಕು ಸೇರಿದರೆ ಮೊದಲು ಮಾಯವಾಗುವುದು ಇವೇ. ಮರಳಿನ ಕಣಗಳನ್ನು ಅಂಟಿಸಿ ತನಗೊಂದು ಕೊಳವೆ ಕಟ್ಟಿಕೊಂಡು ಅದರೊಳಗೆ ಕೂರುವ ಇನ್ನೊಂದು ಹುಳುವೂ ಸಿಗುತ್ತದೆ. ಊರಿನಲ್ಲಿ ಅದಕ್ಕೆ ಹೆಸರು ಸಿಗದಿದ್ದರೆ ಮಗುವೇ ಇಡಲಿ. ‘ಕೊಳವೆಮನೆ ಹುಳ’ ಎಂದರೆ ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಕನ್ನಡದಲ್ಲಿ ಹೆಸರಿಲ್ಲ ಎಂದು ವಿಜ್ಞಾನವನ್ನು ಬಿಡಬೇಕಾಗಿಲ್ಲ, ಹೆಸರು ಹುಟ್ಟುವುದೇ ನೋಡಿದವರ ಬಾಯಲ್ಲಿ.

ಸೆಪ್ಟೆಂಬರ್ ಹೊತ್ತಿಗೆ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಬಾಲ ಕುಣಿಸುವ ಬೂದು ಸಿಪಿಲೆ ಬರುತ್ತದೆ. ಹೊಟ್ಟೆಯ ಭಾಗದಲ್ಲಿ ತೆಳು ಹಳದಿ ಇರುವ ಈ ಹಕ್ಕಿ ಹಿಮಾಲಯ ಮತ್ತು ಅದರಾಚೆಯ ನಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವಂಥದ್ದು. ಅದು ನಿಮ್ಮ ತೋಡಿನಲ್ಲಿ ಮೊದಲು ಕಂಡ ದಿನ ಯಾವುದು, ಬೇಸಗೆಯಲ್ಲಿ ಕೊನೆಯದಾಗಿ ಕಂಡ ದಿನ ಯಾವುದು ಎಂದು ಐದು ವರ್ಷ ಬರೆದ ನೋಟ್ ಪುಸ್ತಕಕ್ಕೆ ಹಕ್ಕಿ ತಜ್ಞರೂ ಬೆಲೆ ಕೊಡುತ್ತಾರೆ.

ಗದ್ದೆಗಳ ಮೇಲೆ ಗುಂಪಾಗಿ ತೇಲುವ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳನ್ನು ಎಲ್ಲ ಮಕ್ಕಳೂ ಕಂಡಿದ್ದಾರೆ. ಮಲಯಾಳದಲ್ಲಿ ಅದಕ್ಕೆ ತುಲಾತುಂಬಿ ಎಂಬ ಹೆಸರಿದೆ, ತುಲಾ ಮಾಸದಲ್ಲಿ ಹೆಚ್ಚಾಗಿ ಕಾಣುವ ತುಂಬಿ. ಬೆರಳಷ್ಟೂ ಉದ್ದವಿಲ್ಲದ ಈ ಕೀಟ ಗಾಳಿಯ ಸಹಾಯದಿಂದ ಮಾಲ್ದೀವ್ಸ್ ಹಾದು ಹಿಂದೂ ಮಹಾಸಾಗರವನ್ನೇ ದಾಟಿ ಪೂರ್ವ ಆಫ್ರಿಕಾ ತಲಪುತ್ತದೆ ಎಂಬ ವಿಚಾರವನ್ನು 2009ರಲ್ಲಿ ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ ಮುಂದಿಟ್ಟರು. ಮಾಲ್ದೀವ್ಸ್‌ನಲ್ಲಿ ನೆಲೆಸಿದ್ದ ಅವರು ಮಾಡಿದ್ದು ಇಷ್ಟೇ: ವರ್ಷವರ್ಷವೂ ಅವು ಬಂದ ದಿನವನ್ನು ಬರೆದಿಟ್ಟರು. ನಮ್ಮ ಐದನೆಯ ತರಗತಿಯ ಮಗುವೂ ಮಾಡಬಹುದಾದ ಕೆಲಸ ಅದು.

ಮಳೆ ನಿಂತ ಮೇಲೆ ಬರುವ ಇನ್ನೊಂದು ದಿನ ಕಟ್ಟ ಹಾಕುವ ದಿನ. ಕಲ್ಲು, ಮಣ್ಣು, ಸೊಪ್ಪು ಸೇರಿಸಿ ತೋಡಿಗೆ ಅಡ್ಡ ಹಾಕುವ ಈ ತಾತ್ಕಾಲಿಕ ಒಡ್ಡು ಕಾಸರಗೋಡಿನ ಕೃಷಿಕರ ಹಳೆಯ ಜಾಣ್ಮೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದಂಥ ಊರುಗಳಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕುವ ಪದ್ಧತಿ ಹೆಸರಾಗಿದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬಂದರೂ ಇಳಿಜಾರು ನೆಲದ ನೀರು ಬೇಗ ಕಡಲು ಸೇರುವ ಈ ನಾಡಿನಲ್ಲಿ, ಕಟ್ಟ ಹಾಕಿದ ತೋಡಿನ ಬದಿಯ ಬಾವಿಗಳಿಗೆ ಬೇಸಗೆಯಲ್ಲೂ ನೀರಿನ ಆಸರೆ ಸಿಗುತ್ತದೆ. ಕಟ್ಟದ ಮೇಲ್ಬದಿಯಲ್ಲಿ ನಿಂತ ನೀರು, ಕೆಳಬದಿಯಲ್ಲಿ ಹರಿವ ನೀರು. ಎರಡೂ ಕಡೆ ಕೂತು ನೋಡಿದರೆ ಕಾಣುವ ಜೀವಿಗಳು ಬೇರೆ ಬೇರೆ. ‘ಆವಾಸಸ್ಥಾನ’ ಎಂಬ ಗಟ್ಟಿ ಶಬ್ದದ ಅರ್ಥ ಆಗ ತಾನಾಗಿ ತಿಳಿಯುತ್ತದೆ.

ನೀರು ಗುಂಡಿಗಿಳಿದಾಗ

ಜನವರಿ ಕಳೆದರೆ ಹರಿವು ಸಣಕಲಾಗಿ, ಕೊನೆಗೆ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ. ಮೀನುಗಳು ಅಲ್ಲಿ ಸೇರುತ್ತವೆ, ಅವನ್ನು ಹಿಡಿಯಲು ಬಕ, ಮಿಂಚುಳ್ಳಿ, ನೀರೊಳ್ಳೆ ಹಾವು ಎಲ್ಲವೂ ಸೇರುತ್ತವೆ. ನೀರೊಳ್ಳೆಗೆ ಮಲಯಾಳದಲ್ಲಿ ನೀರ್ಕೋಲಿ. ನೀರ್ಕೋಲಿ ಕಚ್ಚಿದರೂ ರಾತ್ರಿಯ ಊಟ ತಪ್ಪುತ್ತದೆ ಎಂದು ಅವರಲ್ಲಿ ಗಾದೆಯಿದೆ. ವಿಷವಿಲ್ಲದ ಹಾವೆಂದು ಊರಿಗೆ ಗೊತ್ತಿದ್ದದ್ದರಿಂದಲೇ ಗಾದೆಯಲ್ಲಿ ಆ ನಗೆ ಬಂದಿರುವುದು.

ಮಿಂಚುಳ್ಳಿಗೆ ಮಲಯಾಳದ ಹೆಸರು ಪೊನ್ಮಾನ್. ಹಿತ್ತಿಲ ತೋಡಿನಲ್ಲಿ ಸಾಮಾನ್ಯವಾಗಿ ಕಾಣುವುದು ಎದೆ ಬೆಳ್ಳಗಿರುವ ಗದ್ದೆ ಮಿಂಚುಳ್ಳಿ ಮತ್ತು ಗುಬ್ಬಿಯಷ್ಟೇ ಇರುವ ಪುಟ್ಟ ನೀಲಿ ಮಿಂಚುಳ್ಳಿ. ಇವು ಗೂಡು ಕಟ್ಟುವುದು ಮರದಲ್ಲಲ್ಲ, ತೋಡಿನ ದರೆಯ ಮಣ್ಣಿನಲ್ಲಿ ಉದ್ದದ ಬಿಲ ಕೊರೆದು. ತೋಡಿನ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಬಂದ ಕಡೆ ಮಿಂಚುಳ್ಳಿಗೆ ಮೀನು ಸಿಕ್ಕೀತು, ಮನೆ ಸಿಗದು. ದರೆ ಕುಸಿಯದಂತೆ ಹಿಂದಿನವರು ಇಟ್ಟುಕೊಂಡಿದ್ದ ಕಾವಲು ಬೇರೆ ಇತ್ತು: ಮುಂಡೇವು. ಕೇದಗೆಯ ಬಳಗದ ಈ ಮುಳ್ಳಿನ ಗಿಡಕ್ಕೆ ಮಲಯಾಳದಲ್ಲಿ ಕೈತ ಎಂದು ಹೆಸರು. ಇದರ ಊರುಗೋಲಿನಂಥ ಬೇರುಗಳು ಮಣ್ಣನ್ನು ಹಿಡಿಯುತ್ತವೆ, ಪೊದೆಯಡಿ ಹುಂಡುಕೋಳಿ ಮರಿಗಳು ಅಡಗುತ್ತವೆ, ಎಲೆಯಲ್ಲಿ ಮೂಡೆ ಬೇಯುತ್ತದೆ, ಚಾಪೆ ಹೆಣೆಯುತ್ತಾರೆ. ಒಂದು ಗಿಡ ಕಡಿದರೆ ಹಕ್ಕಿ, ದರೆ, ತಿಂಡಿ, ಕಸುಬು ನಾಲ್ಕೂ ಕಡಿದಂತೆ. ಅದರೊಟ್ಟಿಗೆ ಆ ನಾಲ್ಕಕ್ಕೆ ಸೇರಿದ ಶಬ್ದಗಳೂ ಹೋಗುತ್ತವೆ. ತೆರವಾದ ಜಾಗಕ್ಕೆ ಬರುವುದು ಅಮೆರಿಕ ಖಂಡದಿಂದ ಬಂದು ಇಡೀ ಗುಡ್ಡೆ ಹಬ್ಬಿರುವ ಕಮ್ಯುನಿಸ್ಟ್ ಗಿಡ.

ಏಪ್ರಿಲ್, ಮೇ ರಜೆಯ ತಿಂಗಳು. ತೋಡು ಒಣಗಿದ್ದರೂ ನೋಟ್ ಪುಸ್ತಕ ಮುಚ್ಚಬೇಕಾಗಿಲ್ಲ. ನೀರಿನ ಬದಿಯಲ್ಲಿ ಹೊಳೆದಾಸವಾಳ ನೇರಳೆ ಬಣ್ಣದಲ್ಲಿ ಹೂ ಬಿಡುವುದು ಆಗಲೇ. ಮಳೆಗೆ ಮುಂಚಿನ ರಾತ್ರಿಗಳಲ್ಲಿ ಮಿಂಚುಹುಳುಗಳು ತೋಟದ ಕತ್ತಲೆಯನ್ನು ತುಂಬುತ್ತವೆ. ಅಂಗಳದ ಬಲ್ಬು ಆರಿಸಿದರೆ ಎಷ್ಟು, ಉರಿಸಿದರೆ ಎಷ್ಟು ಎಂದು ಎಣಿಸಿ ನೋಡಿ. ಗುಡ್ಡೆ ಬದಿಯ ಕಾಸರಕ ಮರವನ್ನೂ ಮರೆಯಬೇಡಿ. ತುಳುವಿನಲ್ಲಿ ಕಾಯೆರ್ ಎಂದು ಕರೆಯುವ, ಬೀಜದಲ್ಲಿ ಕಡು ವಿಷವಿರುವ ಈ ಮರದಿಂದಲೇ ಕಾಸರಗೋಡಿಗೆ ಹೆಸರು ಬಂತೆಂದು ಬಹಳ ಮಂದಿ ಹೇಳುತ್ತಾರೆ. 2023ರಲ್ಲಿ ಜಿಲ್ಲೆಗೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿದಾಗ ಮರವಾಗಿ ಆಯ್ಕೆಯಾದದ್ದು ಇದೇ ಕಾಸರಕ.

ಆ ಪಟ್ಟಿಯಲ್ಲಿದ್ದ ಪ್ರಾಣಿ ಚಂದ್ರಗಿರಿ ಹೊಳೆಯ ಮೆತ್ತನೆ ಚಿಪ್ಪಿನ ದೊಡ್ಡ ಆಮೆ, ಮಲಯಾಳದಲ್ಲಿ ಪಾಲಪೂವನ್. ಮರಳಿನಡಿ ಹೂತು, ಉಸಿರಾಡಲು ಮಾತ್ರ ಆಗಾಗ ತಲೆಯೆತ್ತುವ ಈ ಆಮೆ ಕಣ್ಣಿಗೆ ಬೀಳುವುದೇ ಅಪರೂಪ. ಅಲ್ಲಿ ಅದು ಮೊಟ್ಟೆಯಿಟ್ಟು ಬಾಳುತ್ತಿದೆ ಎಂಬುದನ್ನು ದಾಖಲಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸಂಶೋಧಕರಿಗೆ ದಾರಿ ತೋರಿಸಿದ್ದು ಹೊಳೆ ಬದಿಯ ಜನ, ಎಲ್ಲಿ ಯಾವಾಗ ಕಂಡಿತ್ತು ಎಂಬ ಅವರ ನೆನಪು. ಊರಿನ ಬಾಯಿಮಾತು ವಿಜ್ಞಾನಕ್ಕೆ ಹೇಗೆ ಬುನಾದಿಯಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಇರುವ ಉದಾಹರಣೆ ಇದು.

ಬರೆದಿಟ್ಟದ್ದರ ಬೆಲೆ

ಇದೆಲ್ಲ ಮಕ್ಕಳಿಗೊಂದು ಹವ್ಯಾಸ ಎಂದು ತಳ್ಳಿಬಿಡುವವರಿಗೆ ಈ ನೆಲದ ಒಂದು ಕಹಿ ಅಧ್ಯಾಯ ನೆನಪಿಸಬೇಕು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಎಣ್ಮಕಜೆ ಸೇರಿದಂತೆ ಜಿಲ್ಲೆಯ ಹಲವು ಪಂಚಾಯತುಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಗುಡ್ಡೆಯ ಮೇಲೆ ಬಿದ್ದ ವಿಷ ಮಳೆಯೊಂದಿಗೆ ಸೇರಿದ್ದು ಕೆಳಗಿನ ತೋಡುಗಳಿಗೆ. ಮೀನಿಗೆ ಈ ವಿಷ ಅತಿ ಮಾರಕ. ಜೇನುನೊಣ ಕಾಣೆಯಾದದ್ದನ್ನು, ಮೀನು, ಕಪ್ಪೆ ಸತ್ತು ಬಿದ್ದದ್ದನ್ನು ಮೊದಲು ಕಂಡವರು ಊರಿನವರು. ಪಡ್ರೆಯ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಗಮನಿಸಿ ಬರೆದರು. ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡ ವ್ಯತ್ಯಾಸವನ್ನು ಗಮನಿಸಿ ಹೊರಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಈ ಕೀಟನಾಶಕವನ್ನು ತಡೆಯುವ ತನಕ ಸಾಗಿದ ದೀರ್ಘ ಹೋರಾಟದ ಬೇರಿನಲ್ಲಿ ಇರುವುದು ಇಂಥ ನೋಟ ಮತ್ತು ಬರಹ. ‘ಮೊದಲು ಇಲ್ಲಿ ಮೀನಿತ್ತು’ ಎಂದು ಬಾಯಲ್ಲಿ ಹೇಳಿದರೆ ಅಧಿಕಾರಿ ಕೇಳಿ ಮರೆಯಬಹುದು. ‘ಇಂಥ ತಾರೀಕಿನಂದು ಈ ಗುಂಡಿಯಲ್ಲಿ ಇಷ್ಟು ಮೀನಿತ್ತು, ಇಂಥ ತಾರೀಕಿನಂದು ಒಂದೂ ಇರಲಿಲ್ಲ’ ಎಂದು ಬರೆದಿಟ್ಟ ಕಾಗದವನ್ನು ಅಷ್ಟು ಸುಲಭದಲ್ಲಿ ಬದಿಗಿಡಲಾಗುವುದಿಲ್ಲ.

ಬರೆಯುವ ಕ್ರಮ

ಒಂದು ಪುಟಕ್ಕೆ ಒಂದು ದಿನ. ಮೇಲೆ ತಾರೀಕು, ಹೊತ್ತು, ಬಿಸಿಲೋ ಮಳೆಯೋ. ನೀರು ಎಷ್ಟಿದೆ ಎಂಬುದಕ್ಕೆ ಒಂದೇ ಕಲ್ಲನ್ನು ಗುರುತಿಟ್ಟುಕೊಂಡು ಅದು ಎಷ್ಟು ಮುಳುಗಿದೆ ಎಂದು ಬರೆಯುವುದು. ಬಳಿಕ ಕಂಡದ್ದು, ಎಷ್ಟು, ಏನು ಮಾಡುತ್ತಿತ್ತು. ಹೆಸರು ಗೊತ್ತಿಲ್ಲದ್ದಕ್ಕೆ ಚಿತ್ರ. ಆ ಚಿತ್ರ ಹಿಡಿದು ನೆರೆಮನೆಯವರಲ್ಲಿ “ಇದಕ್ಕೆ ನಿಮ್ಮಲ್ಲಿ ಎಂತ ಹೇಳುವುದು?” ಎಂದು ಕೇಳುವುದು ಮಗುವಿನ ಮುಂದಿನ ಕೆಲಸ. ಹಿಡಿದು ಬಾಟಲಿಯಲ್ಲಿ ಇಡುವುದು, ಗೂಡು ಕೆದಕುವುದು, ಗಿಡ ಕೀಳುವುದು ಬೇಡ. ಅಧ್ಯಾಪಕರು ಅಕ್ಷರದ ತಪ್ಪಿಗೆ ಕೆಂಪು ಗೆರೆ ಹಾಕುವ ಮೊದಲು ಕಂಡದ್ದರ ಬಗ್ಗೆ ಒಂದು ಪ್ರಶ್ನೆ ಬರೆದರೆ, ಮಗು ಮುಂದಿನ ವಾರ ಉತ್ತರ ಹುಡುಕಿಕೊಂಡು ಬರುತ್ತದೆ.

ಎಚ್ಚರಿಕೆ ಕೆಲವು. ಜೂನ್‌ನಿಂದ ಆಗಸ್ಟ್ ತನಕ ತೋಡಿಗೆ ಇಳಿಯಬಾರದು, ನೋಡುವುದು ಮೇಲಿನಿಂದಲೇ, ದೊಡ್ಡವರ ಜತೆಯಲ್ಲೇ. ಮೇಲಿನ ಗುಡ್ಡೆಯಲ್ಲಿ ಸುರಿದ ಮಳೆಗೆ ಇಲ್ಲಿ ನೀರು ಏರಲು ಹೆಚ್ಚು ಹೊತ್ತು ಬೇಕಾಗಿಲ್ಲ. ಕಾಲಲ್ಲಿ ಗಾಯವಿದ್ದರೆ ಯಾವ ಕಾಲದಲ್ಲೂ ನೀರಿಗಿಳಿಯುವುದು ಬೇಡ, ಇಲಿಜ್ವರ ಹರಡುವುದು ಹಾಗೆಯೇ. ನೀರೊಳ್ಳೆಗೆ ವಿಷವಿಲ್ಲದಿದ್ದರೂ ಮಂಡಲದ ಹಾವು ಸೊಪ್ಪಿನಡಿ ಮಲಗಿರಬಹುದು. ಕೈ ಹಾಕುವ ಮೊದಲು ಕಣ್ಣು ಹಾಕಬೇಕು.

ವರ್ಷದ ಕೊನೆಯಲ್ಲಿ ಶಾಲೆಯ ಎಲ್ಲ ಪುಸ್ತಕಗಳಿಂದ ಒಂದು ಪಟ್ಟಿ ತಯಾರಿಸಿ: ಊರಿನ ತೋಡುಗಳ ಗಿಡ, ಹಕ್ಕಿ, ಮೀನು, ಹುಳುಗಳು, ಎಲ್ಲ ಭಾಷೆಗಳ ಹೆಸರು ಸಹಿತ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ದಾಖಲೆಯನ್ನು ಇಡಬೇಕು. ಆ ದಾಖಲೆಗೆ ಹೊಸ ಸಂಗತಿಗಳನ್ನು ಸೇರಿಸುತ್ತಲೇ ಇರಬಹುದು. ಮಕ್ಕಳ ಪಟ್ಟಿಯ ಒಂದು ಪ್ರತಿ ಶಾಲೆಯ ವಾಚನಾಲಯದಲ್ಲಿರಲಿ, ಇನ್ನೊಂದನ್ನು ಆ ಸಮಿತಿಗೆ ಕೊಡಿ. ತೋಡಿಗೆ ಗೋಡೆ ಕಟ್ಟುವ, ಮುಂಡೇವು ಕಡಿಯುವ ಯೋಜನೆ ಗ್ರಾಮಸಭೆಗೆ ಬಂದ ದಿನ, ಅಲ್ಲಿ ಏನೇನು ಬದುಕಿದೆ ಎಂದು ಹೇಳಲು ಕನ್ನಡ ಶಾಲೆಯ ಮಕ್ಕಳ ಕೈಯಲ್ಲೇ ಕಾಗದ ಇರುತ್ತದೆ. ಬೇಕಾಗುವುದು ನೂರು ಪುಟದ ಒಂದು ಪುಸ್ತಕ, ಒಂದು ಪೆನ್ಸಿಲ್, ವಾರಕ್ಕೆ ಅರ್ಧ ಗಂಟೆ.